ಮೂರು ತಂತಿಯ ಮೈಕು

ಟಿವಿಯಲ್ಲಿ ಅತ್ತಿ ಮಾತಾಡುತ್ತಿದ್ದರು. ಧ್ವನಿ ಮಾತ್ರ ಇರಲಿಲ್ಲ.

ಶನಿವಾರದ ಮಧ್ಯಾಹ್ನ. ಹುಕ್ಕೇರಿಯ ಆ ಮನೆಯ ಪಡಸಾಲೆಯಲ್ಲಿ ತ್ರಿಶಲಾ ಮತ್ತು ಅವಳ ಅಪ್ಪ ಕುಂಥುನಾಥ ಇಬ್ಬರೇ ಉಸಿರು ಬಿಗಿಹಿಡಿದು ಕೂತಿದ್ದರು. ಪರದೆಯ ಮೇಲೆ ಲಕ್ಷ್ಮೀಬಾಯಿ ಅತ್ತಿಯ ತುಟಿಗಳು ಆಡುತ್ತಿದ್ದವು. ಒಮ್ಮೆ ನಕ್ಕರು. ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಬೆರಳೆತ್ತಿ ಏನೋ ತಾಕೀತು ಮಾಡಿದರು. ಕೇಳಿಸಿದ್ದು ಮಾತ್ರ ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ನಡೆದಂಥ ಗುಂಯ್ ಎನ್ನುವ ಸದ್ದು.

"ಆವಾಜ ಹೆಚ್ಚ ಮಾಡು," ಅಂದರು ಅಪ್ಪ.

"ಪೂರಾ ಹೆಚ್ಚೈತಿ ಅಪ್ಪಾ."

ಸಿಡಿಯ ಶುರುವಿನಲ್ಲಿ ಅತ್ತಿಯ ಹೆಸರು ಮೂಡುವಾಗ ಶಹನಾಯಿ ಸ್ಪಷ್ಟವಾಗಿ ಕೇಳಿಸಿತ್ತು. ಅಂದರೆ ಟಿವಿ ಸರಿ, ಪ್ಲೇಯರ್ ಸರಿ, ಸಿಡಿಯೂ ಸರಿ. ಅತ್ತಿಯ ಮಾತಷ್ಟೇ ಮಾಯ! ತ್ರಿಶಲಾಗೆ ಅಷ್ಟು ಸಾಕಾಯಿತು. ಯಾರೋ ಬೇಕಂತಲೇ ಅಳಿಸಿದ್ದಾರೆ. ಯಾರೋ ಏನು ಬಂತು, ಶೂಟಿಂಗ್ ಮಾಡಿದವನು ಒಬ್ಬನೇ ಅಲ್ಲವೇ? ಮೂಡಲಗಿಯ ಜಿನೇಂದ್ರ.

ಅತ್ತಿಯ ಆ ಮಾತಿಗೆ ಎಷ್ಟು ಬೆಲೆ ಇತ್ತು ಅನ್ನುವುದನ್ನು ಮೊದಲು ಹೇಳಬೇಕು. ಲಕ್ಷ್ಮೀಬಾಯಿ ಕುಂಥುನಾಥರ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ತಾಯಿಯಿಲ್ಲದ ತ್ರಿಶಲಾಳನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದರು. ಆ ಮನೆಯಲ್ಲಿ ಅವರು ಹೇಳಿದ್ದೇ ಕೊನೆಯ ಮಾತು. ಹೋದ ವರ್ಷ ಅವರು ದೀಕ್ಷೆ ತೆಗೆದುಕೊಂಡು ಆರ್ಯಿಕೆ, ಅಂದರೆ ಜೈನ ಸನ್ಯಾಸಿನಿಯಾದರು. ಮನೆ ಬಿಟ್ಟರು, ಹೆಸರು ಬಿಟ್ಟರು, ಅಣ್ಣ ತಮ್ಮ ಎನ್ನುವ ನಂಟನ್ನೂ ಬಿಟ್ಟರು. ಈಗ ಅವರು ಮಾತಾಜಿ. ಬರಿಗಾಲಲ್ಲಿ ವಿಹಾರ ಮಾಡುತ್ತ ಎಲ್ಲೋ ಸಾಂಗಲಿ ಕಡೆ ಇದ್ದರು. ಸಂಸಾರ ಬಿಟ್ಟವರ ಮುಂದೆ ಹೋಗಿ ಮದುವೆಯ ಮಾತು ತೆಗೆಯುವ ಹಾಗಿಲ್ಲ, ಅದು ಪಾಪ.

ಅದಕ್ಕೇ ದೀಕ್ಷೆಯ ಹಿಂದಿನ ದಿನ ಅತ್ತಿ ಒಂದು ಕೆಲಸ ಮಾಡಿದ್ದರು. ವಿಡಿಯೋದವನನ್ನು ಒಳಗೆ ಕರೆದು, ಬಾಗಿಲ ಅಗುಳಿ ಹಾಕಿಸಿ, ತ್ರಿಶಲಾಗೆಂದು ನಾಲ್ಕು ಮಾತು ರೆಕಾರ್ಡ್ ಮಾಡಿಸಿದ್ದರು. ಅವನು ಅದೇ ರಾತ್ರಿ ಮಾಡಿಕೊಟ್ಟ ಸಿಡಿಯನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ, ಹುಡುಗಿಗೆ ಗಟ್ಟಿ ಸಂಬಂಧ ಬಂದ ದಿನ ತೆಗೆಯಿರಿ ಎಂದು ಬರೆಸಿ ಇಟ್ಟು ಹೋದರು.

ಸಂಬಂಧ ಬಂದಿತ್ತು. ಕಣಗಲಾದಲ್ಲಿ ಹೈವೇ ಬಾಜೂ ಹಾರ್ಡ್‌ವೇರ್ ಅಂಗಡಿ ಇಟ್ಟವರು, ಹುಡುಗನ ಹೆಸರು ಶ್ರೇಯಸ. ಸೋಮವಾರ ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು. "ಅಕ್ಕ ಸಿಡಿಯೊಳಗ ಏನ್ ಹೇಳ್ಯಾಳೋ ಅದ ಆಗ್ಲಿ," ಅಂದಿದ್ದರು ಅಪ್ಪ. ತ್ರಿಶಲಾ ಕೂಡ ಒಪ್ಪಿದ್ದಳು. ನಿನಗೆ ಬೇಡವಾದ ಕಡೆ ನಿನ್ನನ್ನು ಕೊಡಲು ನಾನು ಬಿಡುವುದಿಲ್ಲ ಎಂದು ಅತ್ತಿ ಅವಳಿಗೆ ನೂರು ಸಲ ಹೇಳಿದ್ದರು. ಆ ಧೈರ್ಯದ ಮೇಲೆ ಒಪ್ಪಿದಳು. ಈಗ ನೋಡಿದರೆ ಅತ್ತಿಯ ಬಾಯೇ ಕಟ್ಟಿ ಹೋಗಿದೆ.

"ಧ್ವನಿ ಇಲ್ಲಂದ್ರ ಏನ್ ಮಾಡೂದು?" ಅಪ್ಪ ಗಲ್ಲ ಕೆರೆದುಕೊಂಡರು. "ಮಂದಿ ಛಲೋ ಅದಾರ. ಹೂಂ ಅಂತ ಹೇಳಿಬಿಡ್ಲೇನು?"

"ಸೋಮವಾರ ತನಾ ತಡೀರಿ ಅಪ್ಪಾ. ನಾ ಮೂಡಲಗಿಗೆ ಹೋಗಿ ಬರತೇನಿ."

ತ್ರಿಶಲಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರು. ಇಪ್ಪತ್ತಾರು ವಯಸ್ಸು, ಉದ್ದ ಜಡೆ, ಎದುರಿನವರನ್ನು ಅಳೆದು ತೂಗುವ ಕಣ್ಣು. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು ಕೇಳುವವಳು, ಕಂಡಕ್ಟರ್ ಹೇಳಿದ ಮೇಲೂ ಬಾಜೂ ಕೂತವರನ್ನು ಕೇಳುವವಳು. ಅಂಥವಳ ಮನಸ್ಸಿನಲ್ಲಿ ಒಬ್ಬ ಮನುಷ್ಯ ಹೇಳದೆ ಕೇಳದೆ ಬಂದು ಕೂತರೆ ಅವಳಿಗೆ ಸಿಟ್ಟು ಬರದೆ ಇರುತ್ತದೆಯೇ?

ಹೋದ ವರ್ಷ ಆ ದೀಕ್ಷೆಯ ವಾರದಲ್ಲೇ ಆದದ್ದು ಅದು. ಮನೆ ಇರುವುದು ರಸ್ತೆಯ ಮೇಲೆ, ಕಬ್ಬಿನ ಟ್ರ್ಯಾಕ್ಟರುಗಳು ಹಗಲೆಲ್ಲ ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಜಿನೇಂದ್ರನ ಹ್ಯಾಂಡಿಕ್ಯಾಮಿನೊಳಗಿನ ಮೈಕಿಗೆ ಆ ಹಾಡು ಕೇಳಿಸುತ್ತಿತ್ತೇ ಹೊರತು ಅತ್ತಿಯ ಮೆಲುದನಿ ಕೇಳಿಸುತ್ತಿರಲಿಲ್ಲ. ಆಗ ಅವನು ಗೋಕಾಕದ ಮಾಯಪ್ಪನ ಸೌಂಡ್ ಸೆಟ್ಟಿನಿಂದ ಭಾಷಣದ ದಪ್ಪ ಮೈಕು ತಂದ. ಮೈಕಿನ ವಯರಿಗೆ ಮೂರು ಕಡ್ಡಿಯ ದೊಡ್ಡ ಪಿನ್ನು, ಕ್ಯಾಮೆರಾದ ತೂತು ಹೆಸರುಕಾಳಿನಷ್ಟು. ಎರಡರ ನಡುವೆ ತಾನೇ ಬೆಸುಗೆ ಹಾಕಿ ಮಾಡಿದ ಗೇಣುದ್ದದ ಅಡಾಪ್ಟರ್ ವಯರ್ ಜೋಡಿಸಿದ.

"ಟೀಚರ್, ಇಲ್ಲಿ ಕುಂತು ಏನರ ಮಾತಾಡ್ರಿ. ಟೆಸ್ಟ್ ಮಾಡತೇನಿ," ಅಂದಿದ್ದ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು.

"ಈ ವಯರ್ ನೀವ ಮಾಡಿದ್ದೋ, ಅಂಗಡಿದೋ?"

"ನಾನ ಮಾಡಿದ್ದು."

"ಯಾರ ಹಂತೇಲಿ ಕಲ್ತೀರಿ? ಈ ಕೆಲಸ ಎಷ್ಟ ವರ್ಷಾತು? ಮದಲ ಏನ್ ಮಾಡತಿದ್ರಿ?"

ಅವನು ಕಣ್ಣು ಮುಚ್ಚಿ, ತಲೆ ವಾಲಿಸಿ, ಕಿವಿಯಲ್ಲಿ ಜೇನು ಬಿಟ್ಟುಕೊಂಡವನ ಹಾಗೆ ಕೂತಿದ್ದ.

"ಕೇಳಿದ್ದಕ್ಕ ಹೇಳ್ರೆಲಾ?"

"ಇನ್ನ ಸ್ವಲ್ಪ ಕೇಳ್ರಿ ಟೀಚರ್," ಅಂದ ಕಣ್ಣು ತೆರೆಯದೆ. "ಧ್ವನಿ ಭಾಳ ಛಲೋ ಬರಾಕತ್ತೈತಿ."

ಅವಳ ಕೆನ್ನೆ ಬಿಸಿಯಾಯಿತು. ಮೈಕನ್ನು ಚಾಪೆಯ ಮೇಲೆ ಇಟ್ಟು ಎದ್ದಳು. ಎದ್ದು ಹೋಗುವಾಗ ಒಮ್ಮೆ ತಿರುಗಿ ನೋಡಿದಳು, ಅವನು ಈಗ ಕಣ್ಣು ತೆರೆದಿದ್ದ. ಕ್ಯಾಮೆರಾದ ಕಣ್ಣನ್ನು ಕೈಯಿಂದ ಮುಚ್ಚಿ, ತನ್ನ ಸ್ವಂತ ಕಣ್ಣಿನಿಂದ ಅವಳನ್ನು ನೋಡುತ್ತಿದ್ದ. ಆ ವಾರವಿಡೀ ಇಬ್ಬರೂ ಹೀಗೇ, ಒಬ್ಬರು ನೋಡಿದಾಗ ಇನ್ನೊಬ್ಬರು ಬೇರೆಲ್ಲೋ ನೋಡುತ್ತ ಕಳೆದರು. ಆಮೇಲೆ ಒಂದು ವರ್ಷ ಅವನ ಸುಳಿವಿಲ್ಲ. ತ್ರಿಶಲಾ ಯಾವ ಮದುವೆಗೆ ಹೋದರೂ ವಿಡಿಯೋದವನ ಮುಖವನ್ನು ಮೊದಲು ನೋಡುವ ಚಟ ಅಂಟಿಸಿಕೊಂಡಳು. ಯಾರಿಗೂ ಹೇಳಲಿಲ್ಲ, ತನಗೇ ತಾನು ಹೇಳಿಕೊಳ್ಳಲಿಲ್ಲ.

ಭಾನುವಾರ ಗೋಕಾಕದಲ್ಲಿ ಬಸ್ಸು ಬದಲಿಸಿ ಅವಳು ಮೂಡಲಗಿ ಮುಟ್ಟಿದಾಗ ಹನ್ನೆರಡು ದಾಟಿತ್ತು. ಪೇಟೆಯಲ್ಲಿ ಕರೆಂಟಿರಲಿಲ್ಲ. ಸ್ಟುಡಿಯೋದ ಕತ್ತಲಲ್ಲಿ ಜಿನೇಂದ್ರ ಒಂದು ರಟ್ಟಿನ ತುಂಡಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತಿದ್ದ. ಅವಳನ್ನು ಕಂಡವನೇ ದಡಕ್ಕನೆ ಎದ್ದ. ರಟ್ಟು ಕೆಳಗೆ ಬಿತ್ತು.

"ಟೀಚರ್! ಬರ್ರಿ, ಬರ್ರಿ, ಕುಂಡ್ರಿ. ನೀರ ಕೊಡ್ಲಿ?"

"ನೀರ ಬ್ಯಾಡ್ರಿ. ನಮ್ಮ ಅತ್ತಿ ಧ್ವನಿ ಎಲ್ಲಿಟ್ಟೀರಿ, ಅದನ್ನ ಕೊಡ್ರಿ."

ಅವನಿಗೆ ತಳಬುಡ ತಿಳಿಯಲಿಲ್ಲ. ಅವಳು ಎಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಅವನ ಮುಖ ಬಿಳಚಿತು.

"ಹಂಗಾಗಾಕ ಶಕ್ಯನ ಇಲ್ರಿ. ನಾ ಹೆಡ್‌ಫೋನ್ ಹಾಕ್ಕೊಂಡ ಶೂಟ್ ಮಾಡೇನಿ. ಅವರ ಉಸರ ಸೈತ ಕೇಳಿಸಿತ್ತು."

"ಶಹನಾಯಿ ಅಷ್ಟ ಕೇಳಸತೈತಿ, ಮಾತ ಕೇಳಸೂದಿಲ್ಲ. ಅದೂ ನನ್ನ ಸಂಬಂಧ ಬಂದ ವ್ಯಾಳ್ಯಾದಾಗ. ಇದನ್ನ ನಾ ನಂಬಬೇಕು?"

ಅವನು ಬೀರು ತೆಗೆದು ಬೆಂಕಿಪೊಟ್ಟಣದಂಥ ಒಂದು ಸಣ್ಣ ಟೇಪು ಹೊರಗಿಟ್ಟ. "ಮೂಲ ಟೇಪ್ ಇಲ್ಲೇ ಐತ್ರಿ. ಮದುವಿ ಟೇಪಿನ ಮ್ಯಾಲ ಇನ್ನೊಂದ ಮದುವಿ ಹೊಡೀತೇವಿ, ದೀಕ್ಷಾ ಟೇಪ್ ಅಳಸಾಕ ಕೈ ಬರಲಿಲ್ಲ. ಖರೆ ಕರೆಂಟ್ ಬರೂದ ಆರ ಗಂಟೇಕ. ಕ್ಯಾಮೆರಾದ ಬ್ಯಾಟರೀನೂ ಸತ್ತೈತಿ."

"ಆರಕ್ಕ ನನಗ ಬಸ್ಸಿಲ್ಲ."

"ಹಂಗಾರ ನಾಳೆ ಎಲ್ಲಾ ತಗೊಂಡ ನಾನ ಬರತೇನಿ."

ಎಷ್ಟು ಸಲೀಸು! ಕರೆಂಟಿಲ್ಲ, ಬ್ಯಾಟರಿ ಇಲ್ಲ, ನಾಳೆ ಬರುತ್ತೇನೆ. ಒಂದು ರಾತ್ರಿಯಲ್ಲಿ ಟೇಪಿಗೆ ಏನು ಬೇಕಾದರೂ ಆಗಬಹುದು. ತ್ರಿಶಲಾ ಟೇಪನ್ನು ಎತ್ತಿ ತನ್ನ ಪರ್ಸಿನಲ್ಲಿ ಹಾಕಿಕೊಂಡಳು. "ಇದು ನನ್ನ ಹಂತೇಲೇ ಇರ್ಲಿ," ಅಂದಳು. ಅವನು ಬೇಡ ಅನ್ನಲಿಲ್ಲ, ತುಟಿಯ ತುದಿಯಲ್ಲಿ ಒಂದಿಷ್ಟು ನಕ್ಕ. ಆ ನಗೆಯೂ ಅವಳಿಗೆ ಅನುಮಾನದ್ದೇ ಆಗಿ ಕಂಡಿತು.

"ಕೋಣ್ಯಾಗ ಇದ್ದವರು ನೀವೊಬ್ರ. ಅತ್ತಿ ಏನ್ ಹೇಳಿದ್ರು? ಬಾಯಿಲೇನರ ಹೇಳ್ರಿ."

ಜಿನೇಂದ್ರ ಬೀರುವಿನ ಬಾಗಿಲು ಮುಚ್ಚಿದ. ಹೊರಗೆ ಟಾಂಟಾಂ ಆಟೋವೊಂದು ನಿಂತು ಹೋಯಿತು.

"ಹೇಳ್ರಿ."

"ಕಣಗಲಾದವ್ರು ಕೇಳಾಕತ್ತಾರ, ಹುಡುಗ ಛಲೋ ಅದಾನ, ಹೂಂ ಅನ್ನು ಅಂದ್ರು."

ತ್ರಿಶಲಾಳ ಎದೆಗೆ ಯಾರೋ ಕೈಯಿಟ್ಟು ನೂಕಿದ ಹಾಗಾಯಿತು. "ಅಷ್ಟನ?"

ಅವನ ಕಣ್ಣು ಒಂದು ಗಳಿಗೆ ಅವಳ ಮುಖದಿಂದ ಟೇಬಲ್ಲಿಗೆ ಇಳಿದು ಮತ್ತೆ ಮೇಲೆ ಬಂತು. "ಅಷ್ಟ."

ಆ ಕಣ್ಣು ಇಳಿದದ್ದನ್ನು ಅವಳು ಕಂಡಳು. ಅದರ ಬೆನ್ನಿಗೇ ಟೇಬಲ್ ಗಾಜಿನ ಕೆಳಗಿದ್ದ ಲಗ್ನಪತ್ರಿಕೆಯನ್ನೂ ಕಂಡಳು. ಕಣಗಲಾ! ಶ್ರೇಯಸನ ತಂಗಿಯ ಮದುವೆ. ಅದರ ಮೇಲೆ ಕೆಂಪು ಪೆನ್ನಿನಲ್ಲಿ ವಿಡಿಯೋ ಆರ್ಡರಿನ ಗುರುತು.

"ಓಹೋ," ಅಂದಳು. "ಅವರ ಮನಿ ಆರ್ಡರೂ ಹಿಡದೀರಿ."

"ಅದಕ್ಕೂ ಇದಕ್ಕೂ ಸಂಬಂಧಿಲ್ರಿ ಟೀಚರ್. ಈ ಸೀಮಿಯೊಳಗ ಎಲ್ಲಾರ ಮದುವೀಗೂ ಹೋಗತೇನಿ ನಾನು."

"ನನಗ ಬ್ಯಾಡಾದಲ್ಲಿ ಕೊಡಾಕ ಬಿಡೂದಿಲ್ಲಂತ ಅತ್ತಿ ಆಣಿ ಮಾಡಿದ್ರು. ಅಂಥವ್ರು ಹಿಂಗ ಹೇಳತಾರ? ನಿಮ್ಮ ಬಾಯಾಗ ಈ ಮಾತು ಯಾರ ಇಟ್ಟಾರ?"

ಉತ್ತರಕ್ಕೆ ಕಾಯದೆ ಅವಳು ಮೆಟ್ಟಿಲಿಳಿದಳು. ಗೋಕಾಕದ ತನಕ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅತ್ತಳು. ಅತ್ತದ್ದು ಕಣಗಲಾದ ಸಲುವಾಗಿ ಅಲ್ಲ. ಹೂಂ ಅನ್ನು ಎಂದು ತನಗೆ ಹೇಳುವಾಗ ಆ ಮನುಷ್ಯನ ದನಿ ಚೂರೂ ನಡುಗಲಿಲ್ಲವಲ್ಲ, ಅದಕ್ಕೆ. ಒಂದು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡದ್ದು ಇಂಥವನನ್ನೇ? ಥೂ, ಎಂದು ತನಗೇ ತಾನು ಜೋರಾಗಿ ಅಂದುಕೊಂಡಳು. ಬಾಜೂ ಕೂತ ಮುದುಕಿ ಕಕ್ಕಾಬಿಕ್ಕಿಯಾಗಿ ಸರಿದು ಕೂತಳು.

ಸೋಮವಾರ ನಾಲ್ಕಕ್ಕೆ ಅವನು ಬಂದ. ಹೆಗಲಲ್ಲಿ ಕ್ಯಾಮೆರಾ ಚೀಲ, ಕೈಯಲ್ಲಿ ಮಾಯಪ್ಪನ ಮೈಕು, ಕೊರಳಲ್ಲಿ ಹೆಡ್‌ಫೋನು. ಕುಂಥುನಾಥರು ತಲೆಯೆತ್ತಿ ನೋಡಿ, "ಆರರೊಳಗ ಕಣಗಲಾಕ್ಕ ಫೋನ್ ಮಾಡೂದೈತಿ," ಎಂದರು. ಕುಂಡ್ರು ಅನ್ನಲಿಲ್ಲ. ತ್ರಿಶಲಾ ಪರ್ಸಿನಿಂದ ಟೇಪು ತೆಗೆದು, ಅವನ ಬೆರಳು ತಾಕದ ಹಾಗೆ ಕೊಟ್ಟಳು.

ಅವರ ಟಿವಿ ಹಳೆಯದು, ಬೆನ್ನಿಗೆ ಧ್ವನಿಯ ತೂತು ಒಂದೇ. ಪ್ಲೇಯರಿನ ಕೆಂಪು, ಬಿಳಿ ಎರಡು ಪಿನ್ನುಗಳನ್ನು ಕೂಡಿಸಿ ಒಂದು ಮಾಡುವ ಜೋಡು ವಯರನ್ನು ಅಂಗಡಿಯವನೇ ಸಿಕ್ಕಿಸಿ ಹೋಗಿದ್ದ. ಜಿನೇಂದ್ರ ಅದೇ ಜೋಡಿಗೆ ಕ್ಯಾಮೆರಾದ ಕೆಂಪು, ಬಿಳಿ ಪಿನ್ನುಗಳನ್ನು ಹಚ್ಚಿ ಟೇಪು ಓಡಿಸಿದ. ಅತ್ತಿ ಬಂದರು. ತುಟಿ ಆಡಿದವು. ಗುಂಯ್.

"ನೋಡಿದ್ರಿಲ್ಲೋ," ಅಂದಳು ತ್ರಿಶಲಾ.

ಅವನ ಹಣೆಯ ಮೇಲೆ ಬೆವರು. ಕ್ಯಾಮೆರಾದಿಂದ ಟಿವಿಯ ವಯರು ಕಿತ್ತು, ಅದೇ ತೂತಿಗೆ ಹೆಡ್‌ಫೋನ್ ಚುಚ್ಚಿ ಕಿವಿಗಿಟ್ಟುಕೊಂಡ. ಒಮ್ಮೆಲೇ ಅವನ ಮುಖ ಅರಳಿತು. "ಐತಿ! ಐತ್ರಿ ಟೀಚರ್! ಇಲ್ಲಿ ಐತಿ!"

ಅವಳು ನಂಬಲಿಲ್ಲ. ಹೆಡ್‌ಫೋನ್ ಕಸಿದುಕೊಂಡು ತನ್ನ ಕಿವಿಗಿಟ್ಟಳು. ತಲೆಯ ನಟ್ಟನಡುವೆ ಅಲ್ಲ, ಎಡಬಲದಲ್ಲಿ ಬೇರೆ ಬೇರೆಯಾಗಿ ನಿಂತ ಒಂದು ವಿಚಿತ್ರ ದನಿ. ಆದರೂ ಅದೇ ದನಿ. "ತ್ರಿಶಲಾ, ನನ ಕಂದಾ..."

ಅವಳು ಚಾಪೆಯ ಮೇಲೆ ಕೂತುಬಿಟ್ಟಳು.

ಅಪ್ಪ ಎದ್ದು ಬಂದರು. "ಏನು? ಏನ್ ಹೇಳಾಕತ್ತಾಳ? ನನಗೂ ಕೇಳಸ್ರೆಪಾ!" ಒಂದು ವರ್ಷದಿಂದ ಅಕ್ಕಾ ಎಂದು ಕರೆಯಲಾಗದ ಆ ಮನುಷ್ಯನ ದನಿ ಮಗುವಿನದರ ಹಾಗೆ ಒಡೆಯಿತು.

ತ್ರಿಶಲಾ ಹೆಡ್‌ಫೋನ್ ತೆಗೆದಳು. ಅತ್ತಿಯ ಮಾತನ್ನು ತಾನೊಬ್ಬಳೇ ಕದ್ದು ಕೇಳುವುದು ಅವಳಿಗೆ ಬೇಡವಾಗಿತ್ತು. ಆದರೆ ಕಿವಿಯಲ್ಲಿ ಇರುವ ದನಿ ಟಿವಿಗೆ ಹೋದ ಕೂಡಲೇ ಸಾಯುವುದು ಹೇಗೆ? ಈಗ ಅವಳೊಳಗಿನ ಟೀಚರು ಎದ್ದು ಕೂತಳು.

"ನಿಮ್ಮ ಆ ಅಡಾಪ್ಟರ್ ತೋರಸ್ರಿ."

ಅವನು ವಯರಿನ ತುದಿ ಬಿಚ್ಚಿ ತೋರಿಸಿದ. "ಮೈಕಿಗೆ ಮೂರ ತಂತಿ, ಕ್ಯಾಮೆರಾದ ಪಿನ್ನಿಗೂ ಮೂರ ಜಾಗಾ. ಮೂರಕ್ಕ ಮೂರ ಕೂಡಿಸೇನಿ. ಒಂದ ಅರ್ಥಿಂಗು, ಒಂದ ಎಡಗಿವಿ, ಒಂದ ಬಲಗಿವಿ. ಒಂದ ತಂತಿನೂ ದಂಡ ಮಾಡಿಲ್ಲ."

"ಮೈಕಿನ ಆ ಎರಡೂ ತಂತಿಯೊಳಗ ಬರೂದು ಒಂದ ಧ್ವನಿ ಏನು?"

"ಹೌದ್ರಿ, ಒಂದ. ಖರೆ ಒಂದಕ್ಕೊಂದ ಉಲ್ಟಾ ಅಂತ ಮಾಯಪ್ಪ ಹೇಳತಿರತಾನ. ಖರಖರ ಸಪ್ಪಳ ಬರಬಾರದಂತ ಕಂಪನಿಯವ್ರ ಹಂಗ..." ಅಲ್ಲಿಗೆ ಅವನ ಬಾಯಿ ತೆರೆದೇ ಉಳಿಯಿತು.

"ಬಂಡೀಗೆ ಒಂದ ಎತ್ತು ಮುಂದ, ಒಂದ ಎತ್ತು ಹಿಂದ ಹೂಡೀರಿ," ಅಂದಳು ತ್ರಿಶಲಾ. "ಬ್ಯಾರೆ ಬ್ಯಾರೆ ಕಿವಿಯೊಳಗ ಇದ್ದಾಗ ಎರಡೂ ನಡೀತಾವು. ಟಿವಿ ಹಿಂದ ಕೂಡಿದ ಕೂಡ್ಲೇ ಒಂದನ್ನೊಂದು ಜಗ್ಗಿ ನಿಲ್ಲತಾವು. ಇಷ್ಟ ವರ್ಷದಾಗ ಗೊತ್ತ ಆಗಲಿಲ್ಲೇನು?"

"ಮದುವಿ ಕ್ಯಾಸೆಟ್ಟಿನ್ಯಾಗ ಮಾತ ಯಾರ ಕೇಳತಾರ್ರಿ? ಮ್ಯಾಲ ಹಾಡ ಹಾಕಿ ಕೊಡತೇವಿ."

ಅವನು ನಾಚಿ ತಲೆ ತಗ್ಗಿಸಿದ. ಅವಳಿಗೆ ನಗು ಬಂತು, ತಡೆದುಕೊಂಡಳು. ಟಿವಿಯ ವಯರನ್ನು ಮತ್ತೆ ಹಚ್ಚಿಸಿ, ತಾನೇ ಬಗ್ಗಿ ಜೋಡಿಯಿಂದ ಕೆಂಪು ಪಿನ್ನನ್ನು ಎಳೆದು ಹೊರಗೆ ಹಾಕಿದಳು. ಬಿಳಿಯದು ಒಂದೇ ಉಳಿಯಿತು. ಜಿನೇಂದ್ರ ಟೇಪನ್ನು ಮೊದಲಿಗೆ ಸುತ್ತಿ ಮತ್ತೆ ಓಡಿಸಿದ.

ಪಡಸಾಲೆಯ ತುಂಬ ಅತ್ತಿ ಮಾತಾಡಿದರು.

"ತ್ರಿಶಲಾ, ನನ ಕಂದಾ. ನಾಳಿಂದ ನಾ ನಿನ್ನ ಅತ್ತಿ ಅಲ್ಲ. ಅದಕ್ಕ ಇವತ್ತ ಹೇಳತೇನಿ. ನಿನಗ ಹಾಲಿನವನ ಮ್ಯಾಲೂ ಅನುಮಾನ, ಹವಾಮಾನದ ಮ್ಯಾಲೂ ಅನುಮಾನ." ಇಲ್ಲಿ ನಕ್ಕರು. "ಕಣಗಲಾದವ್ರು ಈಗಿಂದ ಕೇಳಾಕತ್ತಾರ. ನಾ ಹೋಗಿ ನೋಡೇನಿ, ಹುಡುಗ ಛಲೋ ಅದಾನ. ಹೂಂ ಅನ್ನು."

ತ್ರಿಶಲಾ ಜಿನೇಂದ್ರನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವನು ಹೇಳಿದ್ದು ಅಕ್ಷರ ಅಕ್ಷರ ಖರೆ.  ಅಪ್ಪ ಫೋನಿನ ಕಡೆ ತಿರುಗಿದರು.

ಟೇಪು ಇನ್ನೂ ಮುಗಿದಿರಲಿಲ್ಲ. ಪರದೆಯ ಮೇಲೆ ಅತ್ತಿ ಕಣ್ಣೊರೆಸಿಕೊಂಡರು.

"ಇದು ನನ್ನ ಆಸೆ. ಖರೆ ನಿನ್ನ ಮನಸ ಬ್ಯಾರೆ ಎಲ್ಲೆರ ಇದ್ರ, ನನ್ನ ಆಸೇಕ ಬಿದ್ದ ನೀ ಸಾಯಬ್ಯಾಡ. ನಾಳಿಂದ ನಂದಂತ ಒಂದ ಆಸೆನೂ ಇರಬಾರದು. ಬಣ್ಣದ ಸೀರಿ ಬಿಡತೇನಿ, ಮನಿ ಬಿಡತೇನಿ, ಇದನ್ನೂ ಇಲ್ಲೇ ಬಿಟ್ಟ ಹೋಗತೇನಿ." ಆಮೇಲೆ ಬೆರಳೆತ್ತಿದರು. "ಕುಂಥೂ, ಕೇಳಾಕತ್ತೀಯೇನೋ? ಅಕ್ಕ ಹೇಳ್ಯಾಳಂತ ಹುಡುಗೀನ ಒತ್ತಾಯ ಮಾಡಿದಿ ಅಂದ್ರ ನೋಡು."

ಪರದೆ ನೀಲಿಯಾಯಿತು. ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಹಾಡುತ್ತ ಹೋಯಿತು. ಕುಂಥುನಾಥರು ಪಂಚೆಯ ಚುಂಗಿನಿಂದ ಮುಖ ಮುಚ್ಚಿಕೊಂಡಿದ್ದರು.

ತ್ರಿಶಲಾ ಜಿನೇಂದ್ರನ ಎದುರಿಗೆ ಹೋಗಿ ನಿಂತಳು. "ಅಷ್ಟನ ಅಂತ ಕೇಳಿದಾಗ ಅಷ್ಟ ಅಂದ್ರಿ. ಈ ಅರ್ಧ ಯಾಕ ನುಂಗಿದ್ರಿ?"

"ಅದನ್ನ ಹೇಳಿದ್ರ ನನ್ನ ಸಲುವಾಗಿ ಹೇಳಿದಂಗ ಆಗತಿತ್ತ್ರಿ."

"ನಿಮ್ಮ ಸಲುವಾಗಿ ಅಂದ್ರ?"

ಅವನು ಒಮ್ಮೆ ಅವಳ ಅಪ್ಪನ ಕಡೆ ನೋಡಿದ.  "ಹೋದ ವರ್ಷದಿಂದ ನಿಮ್ಮ ಮ್ಯಾಲ ನನ್ನ ಜೀವ ಐತ್ರಿ ಟೀಚರ್. ನಿಮ್ಮ ಮನಸ ಎಲ್ಲೈತಿ ಅದನ್ನ ಮಾಡಂತ ಅತ್ತಿ ಹೇಳ್ಯಾರಂತ ನಾನ ಬಂದ ಹೇಳಿದ್ರ, ನೀವು ನಂಬತಿದ್ರೇನು?"

"ಇಲ್ಲ."

"ಮತ್ತ?"

 ಈ ಮನುಷ್ಯ ತನ್ನನ್ನು ಕಳೆದುಕೊಳ್ಳುವ ಮಾತನ್ನು ಗಟ್ಟಿಯಾಗಿ ಹೇಳಿ, ಪಡೆದುಕೊಳ್ಳುವ ಮಾತನ್ನು ಬಾಯಲ್ಲೇ ಇಟ್ಟುಕೊಂಡಿದ್ದ. ಅನುಮಾನ ಪಡಲು ಅವಳು ಎಲ್ಲ ಕಡೆ ಹುಡುಕಿದಳು. ಸಿಗಲಿಲ್ಲ. ಕಣ್ಣು ತುಂಬಿ ಬಂತು, ಈ ಸಲ ಒರೆಸಿಕೊಳ್ಳಲಿಲ್ಲ.

"ಅಪ್ಪಾ," ಅಂದಳು, ಅವನ ಮುಖದಿಂದ ಕಣ್ಣು ತೆಗೆಯದೆ. "ನಾ ಯಾರನ್ನೂ ನಂಬೂದಿಲ್ಲ, ನಿಮಗ ಗೊತ್ತೈತಿ. ಇವರನ್ನ ನಂಬತೇನಿ. ನನಗ ಕಣಗಲಾ ಬ್ಯಾಡ."

ಕುಂಥುನಾಥರು ಒಮ್ಮೆ ಮಗಳನ್ನು ನೋಡಿದರು, ಒಮ್ಮೆ ಹುಡುಗನ ಸವೆದ ಚಪ್ಪಲಿಯನ್ನು, ಒಮ್ಮೆ ನೀಲಿ ಪರದೆಯನ್ನು. ಆಮೇಲೆ ಎದ್ದು ಫೋನಿನ ಹತ್ತಿರ ಹೋದರು. "ನಮಸ್ಕಾರ್ರಿ, ಹುಕ್ಕೇರಿಯಿಂದ ಕುಂಥುನಾಥ. ತಪ್ಪ ತಿಳೀಬ್ಯಾಡ್ರಿ, ನಮ್ಮ ಹುಡುಗಿ ಮನಸ ಬ್ಯಾರೆ ಐತಿ..." ಎಂದು ಶುರು ಮಾಡಿದರು. ಮುಗಿಸಿ ಇಟ್ಟು, ಕಿಟಕಿಯ ಹೊರಗಿನ ಬಿಸಿಲನ್ನು ನೋಡಿದರು. ಐದು ಗಂಟೆಯ ಹಳದಿ ಬಿಸಿಲು ಆಗಲೇ ಗೋಡೆ ಹತ್ತಿತ್ತು.

"ಹೊತ್ತ ಮುಣಗೂದ್ರಾಗ ಊಟಾ ಆಗಬೇಕು ನಮ್ಮ ಮನಿಯೊಳಗ," ಅಂದರು ಜಿನೇಂದ್ರನಿಗೆ. ದನಿ ಇನ್ನೂ ಬಿಗಿಯಾಗಿಯೇ ಇತ್ತು. "ನಿಂತಿಯಲ್ಲ? ಕೈಕಾಲ ತೊಳಕೋ ಹೋಗು."

ತ್ರಿಶಲಾ ಎರಡು ತಾಟು ಹಾಕಿದಳು, ಮತ್ತೆ ಹೋಗಿ ಮೂರನೆಯದನ್ನು ತಂದಳು.